ಬೆನ್ನುಹುರಿಗೆ ಪೆಟ್ಟಾದವರು ಮನೆಗೆ ಬಂದ ಮೇಲೆ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುವುದು ಹೇಗೆ?

ಮೂಡಿಗೆರೆ ಕಡೆಯವನು:

ಎಲ್ಲರಿಗೂ ನಮಸ್ಕಾರ. ಮೆಣಸು ಕುಯ್ಯುವಾಗ ಏಣಿ ಜಾರಿ ಸಿಲ್ವರ್ ಮರದಿಂದ ಬಿದ್ದ ನಮ್ಮ ಅಣ್ಣನನ್ನು ಮುಂದಿನ ವಾರ ಆಸ್ಪತ್ರೆಯಿಂದ ಮನೆಗೆ ಕರೆತರುತ್ತಿದ್ದೇವೆ. ಬೆನ್ನುಮೂಳೆಗೆ ರಾಡ್ ಹಾಕಿ ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಆದರೆ ಬೆನ್ನುಹುರಿಗೆ ಟಿ-10 (ಎದೆಭಾಗದ ಹತ್ತನೆಯ ಬೆನ್ನುಮೂಳೆ) ಮಟ್ಟದಲ್ಲಿ ಪೂರ್ಣ ಪೆಟ್ಟಾಗಿರುವುದರಿಂದ ಹೊಕ್ಕುಳಿನಿಂದ ಕೆಳಕ್ಕೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಕೈಗಳಲ್ಲಿ ಮಾತ್ರ ಮೊದಲಿನ ಶಕ್ತಿಯೇ ಇದೆ.

ಬಿಡುಗಡೆಯ ಚೀಟಿಯಲ್ಲಿ ‘2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು’ ಎಂಬ ಒಂದೇ ಸಾಲು ಇದೆ. ಮನೆಯಲ್ಲಿ ವಯಸ್ಸಾದ ಅಮ್ಮ, ಅತ್ತಿಗೆ ಮತ್ತು ನಾನು ಇದ್ದೇವೆ. ಹಗಲು ನಾನು ತೋಟಕ್ಕೆ ಹೋಗಲೇಬೇಕು. ಇನ್ನೇನು ಮಳೆ ಹಿಡಿಯುವ ಹೊತ್ತು, ಮಳೆ ಹಿಡಿದರೆ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ನೆಂಟರಲ್ಲಿ ಒಬ್ಬರು ಗಾಳಿ ತುಂಬಿದ ರಬ್ಬರ್ ಉಂಗುರ ಕಳುಹಿಸಿದ್ದಾರೆ, ಇನ್ನೊಬ್ಬರು ನೀರಿನ ಹಾಸಿಗೆಯೇ ಬೇಕು ಎನ್ನುತ್ತಾರೆ, ಮತ್ತೊಬ್ಬರು ಸ್ಪಿರಿಟ್ ಹಚ್ಚಿ ಪೌಡರ್ ಹಾಕಿ ತಿಕ್ಕಿದರೆ ಸಾಕು ಎನ್ನುತ್ತಾರೆ. ಪಕ್ಕದ ಊರಿನಲ್ಲಿ ಇದೇ ರೀತಿ ಬಿದ್ದವರೊಬ್ಬರು ಬೆನ್ನಿನ ಪೆಟ್ಟಿನಿಂದಲ್ಲ, ಅದರ ನಂತರ ಆದ ಹುಣ್ಣಿನ ನಂಜಿನಿಂದ ತೀರಿಕೊಂಡರು ಎಂಬುದನ್ನು ಕೇಳಿದ ಮೇಲೆ ಅಮ್ಮನಿಗೆ ನಿದ್ದೆಯಿಲ್ಲ. ಅಣ್ಣ ಬರುವ ಮೊದಲೇ ಮನೆಯಲ್ಲಿ ಏನೇನು ಸಿದ್ಧಪಡಿಸಿಕೊಳ್ಳಬೇಕು ಎಂದು ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ನಿವೃತ್ತ ಸಿಸ್ಟರ್, ಹಾಸನ:

ಮನೆಗೆ ಬರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಬಹಳಷ್ಟು ಮಂದಿ ಹುಣ್ಣು ಕಾಣಿಸಿಕೊಂಡ ನಂತರ ಕೇಳುತ್ತಾರೆ.

ಮೊದಲು ಕಾರಣ ತಿಳಿದುಕೊಳ್ಳಿ. ನಾವು ನೀವು ನಿದ್ದೆಯಲ್ಲೂ ಹೊರಳುತ್ತೇವೆ, ಕುರ್ಚಿಯಲ್ಲಿ ಕುಳಿತಾಗಲೂ ನಮಗೇ ತಿಳಿಯದಂತೆ ಭಾರ ಬದಲಿಸುತ್ತಿರುತ್ತೇವೆ. ಒಂದೇ ಕಡೆ ಒತ್ತಿದರೆ ಮೈ ನೋಯುತ್ತದೆ, ಆ ನೋವೇ ನಮ್ಮನ್ನು ಕದಲಿಸುತ್ತದೆ. ನಿಮ್ಮ ಅಣ್ಣನಿಗೆ ಆ ಸೂಚನೆ ಮೆದುಳಿಗೆ ತಲುಪುವುದಿಲ್ಲ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹರಿಯುವುದು ನಿಂತು, ಕೆಲವೇ ಗಂಟೆಗಳಲ್ಲಿ ಅದು ಸಾಯಲು ಆರಂಭವಾಗುತ್ತದೆ. ಎಷ್ಟೋ ಸಲ ಈ ಸಾವು ಮೂಳೆಯ ಬಳಿ, ಒಳಗಿನಿಂದ ಆರಂಭವಾಗುವುದರಿಂದ ಹೊರಗೆ ರೂಪಾಯಿ ಅಗಲದ ಕಪ್ಪು ಕಲೆ ಕಾಣುವ ವೇಳೆಗೆ ಒಳಗೆ ನಿಂಬೆಹಣ್ಣು ಹಿಡಿಸುವಷ್ಟು ಟೊಳ್ಳಾಗಿರುತ್ತದೆ.

ಅಂಗಾತ ಮಲಗಿದಾಗ ಬಾಲದ ಮೂಳೆಯ ಮೇಲ್ಭಾಗ ಮತ್ತು ಹಿಮ್ಮಡಿ, ಮಗ್ಗುಲಾಗಿ ಮಲಗಿದಾಗ ಸೊಂಟದ ಪಕ್ಕದ ಉಬ್ಬು, ಮಂಡಿಯ ಒಳಬದಿ ಮತ್ತು ಪಾದದ ಗಿಣ್ಣು, ಕುಳಿತಾಗ ಕುಂಡಿಯ ಎರಡು ಮೂಳೆಗಳು. ಹುಣ್ಣು ಏಳುವ ಈ ಜಾಗಗಳನ್ನು ಮನೆಯವರೆಲ್ಲರೂ ಬೆರಳಿಟ್ಟು ತೋರಿಸುವಷ್ಟು ಕಲಿತಿರಬೇಕು. ಬೆಳಿಗ್ಗೆ ಏಳುವ ಮೊದಲು ಒಮ್ಮೆ, ರಾತ್ರಿ ಮಲಗಿದ ಮೇಲೆ ಒಮ್ಮೆ, ಒಳ್ಳೆಯ ಬೆಳಕಿನಲ್ಲಿ ಇವಿಷ್ಟನ್ನೂ ನೋಡಬೇಕು. ಪುಸ್ತಕಗಳಲ್ಲಿ ‘ಕೆಂಪಾಗುತ್ತದೆ’ ಎಂದು ಬರೆದಿರುತ್ತಾರೆ, ಆದರೆ ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣುವುದು, ಹೊಳೆಯುವುದು, ಕೈಯ ಹಿಂಬದಿ ಇಟ್ಟರೆ ಬಿಸಿಯೆನಿಸುವುದು, ಒತ್ತಿದರೆ ಗಟ್ಟಿಯಾಗಿ ಅಥವಾ ಮೆತ್ತಮೆತ್ತಗೆ ಸಿಗುವುದು, ಇವನ್ನು ಗಮನಿಸಿ. ಸಂಶಯವಿದ್ದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಬಣ್ಣ ತಿಳಿಯಾಗಿ ಮತ್ತೆ ಮರಳಿದರೆ ರಕ್ತ ಇನ್ನೂ ಓಡಾಡುತ್ತಿದೆ ಎಂದರ್ಥ. ಬಣ್ಣ ಕದಲದಿದ್ದರೆ ಹುಣ್ಣಿನ ಮೊದಲ ಹಂತ ಆರಂಭವಾಗಿದೆ ಎಂದೇ ತಿಳಿಯಬೇಕು, ಚರ್ಮ ಹರಿಯದಿದ್ದರೂ ಸಹ.

ಗಾಲಿಕುರ್ಚಿಯ ಗೆಳೆಯ, ಅರಸೀಕೆರೆ:

ನಾನೂ ಟಿ-12 ಮಟ್ಟದ ಪೆಟ್ಟಿನವನು, ಗಾಲಿಕುರ್ಚಿಯಲ್ಲಿದ್ದು ಬಹಳ ವರ್ಷಗಳಾದವು. ಸಿಸ್ಟರ್ ಹೇಳಿದ್ದೆಲ್ಲವೂ ಸರಿ, ಆದರೆ ಒಂದು ಮಾತನ್ನು ಸೇರಿಸಲೇಬೇಕು. ಚರ್ಮ ನೋಡುವ ಕೆಲಸ ಮನೆಯವರದ್ದಲ್ಲ, ನಿಮ್ಮ ಅಣ್ಣನದ್ದು. ಉದ್ದ ಹಿಡಿಯ ಒಂದು ಕನ್ನಡಿ ತರಿಸಿ, ಮಗ್ಗುಲಾಗಿ ಮಲಗಿ ತನ್ನ ಬೆನ್ನ ಕೆಳಭಾಗ ಮತ್ತು ಕುಂಡಿಯನ್ನು ತಾನೇ ನೋಡಿಕೊಳ್ಳುವುದನ್ನು ಮೊದಲ ದಿನದಿಂದಲೇ ಕಲಿಯಲಿ. ಮೊಬೈಲಿನಲ್ಲಿ ಚಿತ್ರ ತೆಗೆದು ಹಿಂದಿನ ದಿನದ ಚಿತ್ರದ ಜೊತೆ ಹೋಲಿಸಿ ನೋಡಿದರೆ ಇನ್ನೂ ಒಳ್ಳೆಯದು. ಆರಂಭದಲ್ಲಿ ನಾಚಿಕೆ, ಸಿಟ್ಟು ಎರಡೂ ಬರುತ್ತವೆ. ಅಮ್ಮನೋ ಹೆಂಡತಿಯೋ ನೋಡುತ್ತಾರೆ ಎಂದು ಬಿಟ್ಟವರ ಚರ್ಮವನ್ನು, ಅವರಿಗೆ ಜ್ವರ ಬಂದ ದಿನ ಅಥವಾ ಮದುವೆಗೆ ಹೋದ ದಿನ ಯಾರೂ ನೋಡುವುದಿಲ್ಲ.

ಎರಡನೆಯದು ಆ ‘2 ಗಂಟೆಗೊಮ್ಮೆ’ ಎಂಬ ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ಆರಂಭಿಸಿದ ಡಾ. ಲುಡ್ವಿಗ್ ಗುಟ್ಮನ್ ಅವರು ಹಗಲು ರಾತ್ರಿಯೆನ್ನದೆ 2 ಗಂಟೆಗೊಮ್ಮೆ ರೋಗಿಗಳನ್ನು ಮಗ್ಗುಲು ಬದಲಿಸುವುದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು, ಅದುವರೆಗೆ ಹುಣ್ಣಿನಿಂದ ಮತ್ತು ಮೂತ್ರದ ಸೋಂಕಿನಿಂದ ಸಾಯುತ್ತಿದ್ದವರು ಬದುಕುಳಿಯತೊಡಗಿದರು. ಆ ನಿಯಮದ ಬೆಲೆ ದೊಡ್ಡದು. ಆದರೆ ಅಲ್ಲಿ ಪಾಳಿಯ ಮೇಲೆ ಸಿಬ್ಬಂದಿ ಇದ್ದರು. ನಿಮ್ಮ ಮನೆಯಲ್ಲಿ ಹಗಲೆಲ್ಲ ದುಡಿದ ಅತ್ತಿಗೆಯೇ ರಾತ್ರಿ ಎರಡು ಗಂಟೆಗೂ ನಾಲ್ಕು ಗಂಟೆಗೂ ಏಳಬೇಕು. ಕೆಲವು ವಾರ ಏಳುತ್ತಾರೆ, ಆಮೇಲೆ ಒಂದು ರಾತ್ರಿ ಅಲಾರಾಂ ಹೊಡೆದರೂ ಎಚ್ಚರವಾಗುವುದಿಲ್ಲ. ಹುಣ್ಣು ಆಗುವುದು ಆ ಒಂದು ರಾತ್ರಿ. ಆದ್ದರಿಂದ ಮನೆಯವರು ವರ್ಷಗಟ್ಟಲೆ ನಡೆಸಿಕೊಂಡು ಹೋಗಬಹುದಾದ ಕ್ರಮವನ್ನು ಕಟ್ಟಿಕೊಳ್ಳುವುದು ಹೇಗೆ ಎಂದು ಕೇಳಿ. ಇದಕ್ಕೆ ಫಿಸಿಯೋ ಅವರು ಉತ್ತರಿಸಿದರೆ ಚೆನ್ನ.

ಫಿಸಿಯೋಥೆರಪಿಸ್ಟ್, ಚಿಕ್ಕಮಗಳೂರು:

ಉತ್ತರಿಸುತ್ತೇನೆ. ಮನೆಗೆ ಬಂದ ಆರಂಭದ ದಿನಗಳಲ್ಲಿ 2 ಗಂಟೆಯನ್ನು ಪಾಲಿಸಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆ ಅವಧಿಯಲ್ಲಿ ಒಬ್ಬರೇ ಎಲ್ಲವನ್ನೂ ಹೊರದೆ ರಾತ್ರಿಯನ್ನು ಇಬ್ಬರು ಹಂಚಿಕೊಳ್ಳಿ. ಚರ್ಮ ಚೆನ್ನಾಗಿದೆ ಎಂದು ದಿನವೂ ಖಚಿತವಾಗುತ್ತ ಬಂದಂತೆ ರಾತ್ರಿಯ ಅವಧಿಯನ್ನು ಅರ್ಧ ಗಂಟೆಯಷ್ಟು ಹೆಚ್ಚಿಸಿ, ಕೆಲವು ದಿನ ಅಲ್ಲೇ ನಿಲ್ಲಿಸಿ, ಪ್ರತಿ ಸಲ ಮಗ್ಗುಲು ಬದಲಿಸಿದಾಗ ಒತ್ತಿದ ಜಾಗವನ್ನು ನೋಡಿ. ಮೂಡಿದ ಬಣ್ಣ ಅರ್ಧ ಗಂಟೆಯೊಳಗೆ ಪೂರ್ಣ ಮಾಯವಾದರೆ ಆ ಅವಧಿಯನ್ನು ಚರ್ಮ ತಾಳಿದೆ ಎಂದರ್ಥ. ಮಾಯವಾಗದಿದ್ದರೆ ಹಿಂದಿನ ಅವಧಿಗೆ ಮರಳಿ. ಒಳ್ಳೆಯ ಹಾಸಿಗೆ ಇದ್ದು ಈ ರೀತಿ ನಿಧಾನವಾಗಿ ಏರಿಸಿದರೆ, ಬಹಳ ಮಂದಿ ರಾತ್ರಿ 4 ಗಂಟೆ, ಕೆಲವರು 6 ಗಂಟೆಯವರೆಗೂ ಒಂದೇ ಭಂಗಿಯಲ್ಲಿ ನಿದ್ರಿಸುವ ಮಟ್ಟ ತಲುಪುತ್ತಾರೆ.

ಅದಕ್ಕೆ ಅತ್ಯುತ್ತಮ ಭಂಗಿ ಬೋರಲು ಮಲಗುವುದು. ಬಾಲದ ಮೂಳೆ, ಕುಂಡಿಯ ಮೂಳೆ, ಹಿಮ್ಮಡಿ ಮೂರಕ್ಕೂ ಅದರಲ್ಲಿ ಒಟ್ಟಿಗೆ ಪೂರ್ಣ ಬಿಡುವು ಸಿಗುತ್ತದೆ. ದಿನವಿಡೀ ಕುಳಿತು ಮಡಿಚಿಕೊಳ್ಳುವ ಸೊಂಟದ ಕೀಲೂ ಅದರಿಂದ ನೇರವಾಗುತ್ತದೆ. ಎದೆಯ ಕೆಳಗೆ, ತೊಡೆಯ ಕೆಳಗೆ ಮತ್ತು ಮೊಣಕಾಲಿನಿಂದ ಕೆಳಭಾಗಕ್ಕೆ ದಿಂಬು ಕೊಟ್ಟು, ಮಂಡಿ ಚಿಪ್ಪು ಮತ್ತು ಕಾಲ್ಬೆರಳುಗಳು ಎಲ್ಲಿಯೂ ತಾಗದಂತೆ ನೋಡಬೇಕು. ರಾಡ್ ಹಾಕಿರುವುದರಿಂದ ಶಸ್ತ್ರಚಿಕಿತ್ಸಕರು ‘ಬೋರಲು ಮಲಗಬಹುದು’ ಎಂದು ಹೇಳಿದ ನಂತರವೇ ಆರಂಭಿಸಿ. ಬಿಡುಗಡೆಯ ದಿನವೇ ಇದನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಮಗ್ಗುಲಾಗಿ ಮಲಗಿಸುವಾಗ ಪೂರ್ತಿ 90 ಡಿಗ್ರಿ ತಿರುಗಿಸಬೇಡಿ, ಭಾರವೆಲ್ಲ ಸೊಂಟದ ಪಕ್ಕದ ಉಬ್ಬಿನ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಮಾತ್ರ ಓರೆಯಾಗಿಸಿ, ಎರಡು ಮಂಡಿಗಳ ನಡುವೆ ಇನ್ನೊಂದು ದಿಂಬು ಇಡಿ. ಅಂಗಾತ ಇದ್ದಾಗ ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿಗಳು ಗಾಳಿಯಲ್ಲಿರುವಂತೆ ಮಾಡಿ; ದಿಂಬು ಹಿಮ್ಮಡಿಯ ಕೆಳಗಲ್ಲ. ಊಟಕ್ಕೆ, ಟಿವಿಗೆ ಎಂದು ತಲೆಯ ಕಡೆ ಎತ್ತರಿಸಿ ಒರಗಿಸಿ ಕೂರಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಹಾಗೆ ಕುಳಿತವರು ನಿಧಾನವಾಗಿ ಕೆಳಕ್ಕೆ ಜಾರುತ್ತಾರೆ, ಚರ್ಮ ಹಾಸಿಗೆಗೆ ಅಂಟಿಕೊಂಡು ಅಲ್ಲೇ ನಿಂತರೆ ಮೂಳೆ ಮಾತ್ರ ಕೆಳಗೆ ಸರಿಯುತ್ತದೆ, ನಡುವಿನ ರಕ್ತನಾಳಗಳು ಎಳೆದು ಮುಚ್ಚಿಕೊಳ್ಳುತ್ತವೆ. ಊಟದ ಹೊತ್ತು ಬಿಟ್ಟರೆ 30 ಡಿಗ್ರಿಗಿಂತ ಹೆಚ್ಚು ಎತ್ತರಿಸಬೇಡಿ.

ಮೂಡಿಗೆರೆ ಕಡೆಯವನು:

ಇಷ್ಟು ವಿವರವಾಗಿ ಬರೆದ ಮೂವರಿಗೂ ಧನ್ಯವಾದಗಳು. ಆ ರಬ್ಬರ್ ಉಂಗುರ ಬಳಸಬಹುದೆ? ಗಾಳಿ ಹಾಸಿಗೆಗೆ ಕರೆಂಟು ಬೇಕಲ್ಲ, ನೀರಿನದೇ ಒಳ್ಳೆಯದೆ?

ಫಿಸಿಯೋಥೆರಪಿಸ್ಟ್, ಚಿಕ್ಕಮಗಳೂರು:

ಉಂಗುರ ಬೇಡವೇ ಬೇಡ. ನಡುವೆ ರಂಧ್ರವಿರುವುದರಿಂದ ಮೂಳೆಗೆ ಬಿಡುವು ಸಿಗುತ್ತದೆ ಎಂದು ತೋರುತ್ತದೆ, ಆದರೆ ಉಂಗುರದ ಅಂಚು ಸುತ್ತಲೂ ಒತ್ತಿ ನಡುವಿನ ಭಾಗಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ. ಕೊಟ್ಟವರಿಗೆ ಬೇಸರವಾಗುತ್ತದೆ ಎಂದು ಬಳಸುವವರನ್ನು ನೋಡಿದ್ದೇನೆ. ಕೊಟ್ಟವರು ಮನೆಗೆ ಬಂದಾಗ ಕಪಾಟಿನ ಮೇಲೆ ಕಾಣುವಂತೆ ಇಟ್ಟರೆ ಸಾಕು.

ನೀರಿನ ಹಾಸಿಗೆ ವಿಪರೀತ ಭಾರ, ಮಲೆನಾಡಿನ ಚಳಿಯಲ್ಲಿ ತಣ್ಣಗೆ ಕೊರೆಯುತ್ತದೆ, ಮೇಲಾಗಿ ಅದರ ಮೇಲೆ ತಾನೇ ಎದ್ದು ಕೂರುವುದನ್ನು ಕಲಿಯುವುದು ಕಷ್ಟ. ಗಾಳಿ ಹಾಸಿಗೆಯಲ್ಲಿ ಎರಡು ಸಾಲು ಕೊಳವೆಗಳಿದ್ದು, ಪಂಪು ಕೆಲವು ನಿಮಿಷಗಳಿಗೊಮ್ಮೆ ಒಂದು ಸಾಲನ್ನು ತುಂಬಿ ಇನ್ನೊಂದನ್ನು ಇಳಿಸುತ್ತದೆ. ಪಂಪು ಎಳೆಯುವ ವಿದ್ಯುತ್ ಬಹಳ ಕಡಿಮೆ, ಮನೆಯ ಸಣ್ಣ ಇನ್ವರ್ಟರ್ ಅದನ್ನು ರಾತ್ರಿಯಿಡೀ ನಡೆಸುತ್ತದೆ. ಇನ್ವರ್ಟರೂ ಬರಿದಾಗುವಷ್ಟು ದೀರ್ಘ ಕಡಿತ ನಿಮ್ಮಲ್ಲಿ ಇರುವುದರಿಂದ, ಗಾಳಿ ಹಾಸಿಗೆಯನ್ನು ಬರಿಯ ಹಲಗೆಯ ಮೇಲೆ ಹಾಸದೆ ಒಳ್ಳೆಯ ದಪ್ಪ ಫೋಮ್ ಹಾಸಿಗೆಯ ಮೇಲೆ ಹಾಸಿ. ಗಾಳಿ ಹೋದರೂ ಕೆಳಗೆ ಮೆತ್ತನೆಯದು ಇರುತ್ತದೆ, ಆ ರಾತ್ರಿ ಮಾತ್ರ ಮತ್ತೆ 2 ಗಂಟೆಯ ಲೆಕ್ಕಕ್ಕೆ ಬನ್ನಿ.

ಗಾಳಿ ಸಾಲುತ್ತದೆಯೇ ಎಂದು ತಿಳಿಯಲು, ಅಣ್ಣ ಮಲಗಿರುವಾಗ ಅಂಗೈ ಮೇಲ್ಮುಖ ಮಾಡಿ ಗಾಳಿ ಹಾಸಿಗೆಯ ಕೆಳಗೆ, ನೇರವಾಗಿ ಅವರ ಕುಂಡಿಯ ಕೆಳಗೆ ಬರುವಂತೆ ಕೈ ತೂರಿಸಿ. ಕೈಗೂ ಅವರ ಮೂಳೆಗೂ ನಡುವೆ ಕನಿಷ್ಠ ಒಂದು ಅಂಗುಲ ಗಾಳಿ ಇರಬೇಕು, ಮೂಳೆಯೇ ಕೈಗೆ ಸಿಕ್ಕರೆ ಹಾಸಿಗೆ ಇದ್ದೂ ಇಲ್ಲದಂತೆ. ಅದರ ಮೇಲೆ ಒಂದು ಹತ್ತಿ ಬಟ್ಟೆ ಸಾಕು. ಕಂಬಳಿ, ರಬ್ಬರ್ ಶೀಟು, ಮಡಿಸಿದ ಹಳೆಯ ಸೀರೆ ಎಂದು ಪದರ ಪದರವಾಗಿ ಹಾಸಿದರೆ ಕೊಳವೆಗಳು ಏರಿಳಿದದ್ದು ಮೈಗೆ ತಲುಪುವುದೇ ಇಲ್ಲ. ಗಾಳಿ ಹಾಸಿಗೆ ಬಂದ ಮೇಲೆ ಮಗ್ಗುಲು ಬದಲಿಸುವುದು ಬೇಡ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಮಂಚದ ಎತ್ತರ ಹಾಸಿಗೆ ಸೇರಿ ಗಾಲಿಕುರ್ಚಿಯ ಆಸನಕ್ಕೆ ಸಮನಾಗಿರಲಿ, ಹಗ್ಗದ ಮಂಚ ಬೇಡ.

ಬೇಲೂರಿನ ಹಿರಿಯರು:

ನಮ್ಮ ತಂದೆಯವರು ಹಾಸಿಗೆ ಹಿಡಿದಿದ್ದಾಗ ಆಸ್ಪತ್ರೆಯಲ್ಲಿಯೇ ದಾದಿಯರು ಬೆನ್ನಿಗೆ ಸ್ಪಿರಿಟ್ ಹಚ್ಚಿ ಪೌಡರ್ ಹಾಕಿ ಚೆನ್ನಾಗಿ ತಿಕ್ಕುತ್ತಿದ್ದರು. ಈಗ ಅದು ತಪ್ಪು ಎನ್ನುವುದು ನನಗೆ ಒಪ್ಪಿಗೆಯಾಗುತ್ತಿಲ್ಲ. ತಿಕ್ಕಿದರೆ ರಕ್ತಸಂಚಾರ ಹೆಚ್ಚುವುದಿಲ್ಲವೆ?

ನಿವೃತ್ತ ಸಿಸ್ಟರ್, ಹಾಸನ:

ಹಿರಿಯರೇ, ನೀವು ನೋಡಿದ್ದು ನಿಜ. ನಾನು ತರಬೇತಿಯಲ್ಲಿದ್ದಾಗ ನಮಗೂ ಅದನ್ನೇ ಕಲಿಸಿದ್ದರು. ಆದರೆ ಸ್ಪಿರಿಟ್ ಚರ್ಮದ ಎಣ್ಣೆಯಂಶವನ್ನು ತೆಗೆದು ಒಣಗಿಸುತ್ತದೆ, ಒಣಗಿದ ಚರ್ಮ ಬೇಗ ಬಿರಿಯುತ್ತದೆ. ಪೌಡರ್ ಬೆವರಿನಲ್ಲಿ ಕಲಸಿ ಸಂದಿಗಳಲ್ಲಿ ಗಂಟುಗಟ್ಟಿ ಉಜ್ಜುತ್ತದೆ. ಇನ್ನು ಬಣ್ಣ ಬದಲಾದ ಜಾಗದಲ್ಲಿ ರಕ್ತನಾಳಗಳು ಆಗಲೇ ಪೆಟ್ಟು ತಿಂದಿರುತ್ತವೆ, ಅದನ್ನು ಮೂಳೆಯ ಮೇಲೆ ತಿಕ್ಕಿದರೆ ಉಳಿದ ನಾಳಗಳೂ ಹರಿದುಹೋಗುತ್ತವೆ. ಒತ್ತಡದ ಹುಣ್ಣು ತಡೆಯಲು ಮಸಾಜ್ ಮಾಡಬಾರದು ಎಂದು ಈಗಿನ ಮಾರ್ಗಸೂಚಿಗಳೆಲ್ಲ ಹೇಳುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ, ಹೆಚ್ಚು ಕಾರವಿಲ್ಲದ ಸೋಪಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಒಣಗಿದ ಚರ್ಮಕ್ಕೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಸಕಲೇಶಪುರದ ಗೃಹಿಣಿ:

ನನ್ನ ಯಜಮಾನರಿಗೆ ಘಾಟಿ ರಸ್ತೆಯಲ್ಲಿ ಅಪಘಾತವಾಗಿ ಇದೇ ಸ್ಥಿತಿ. ಮಳೆಗಾಲದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಬಯಲುಸೀಮೆಯವರಿಗೆ ಈ ತೊಂದರೆ ತಿಳಿಯುವುದಿಲ್ಲ.

ಜೂನ್ ಹಿಡಿದರೆ ಬಟ್ಟೆ ಒಣಗುವುದಿಲ್ಲ. ಹಸಿ ವಾಸನೆಯ, ಅರೆ ಒಣಗಿದ ಹಾಸು ಮೈಗೆ ತಾಗಿಕೊಂಡಿದ್ದರೆ ಚರ್ಮ ನೆನೆದು ಮೆತ್ತಗಾಗಿ, ಒಂದು ಸಲ ಎಳೆದರೂ ಸಿಪ್ಪೆಯಂತೆ ಬರುತ್ತದೆ. ಮಳೆಗೆ ಮುಂಚೆಯೇ ಹತ್ತಿಯ ಹಾಸುಗಳನ್ನು ಸಾಕಷ್ಟು ಹೊಂದಿಸಿಕೊಂಡು, ಬಚ್ಚಲೊಲೆಯ ಮೇಲೆ ದಾರ ಕಟ್ಟಿ ಒಣಗಿಸುವ ವ್ಯವಸ್ಥೆ ಮಾಡಿಕೊಳ್ಳಿ. ಆದರೆ ಅದೇ ಒಲೆಯ ಹತ್ತಿರ ಅವರನ್ನು ಕೂರಿಸಬೇಡಿ. ಚಳಿಗೆ ಎಲ್ಲರೂ ಬೆಂಕಿ ಕಾಯಿಸುತ್ತ ಕುಳಿತಾಗ ಅವರ ಪಾದವೂ ಕೆಂಡದ ಕಡೆಗೆ ಇರುತ್ತದೆ. ನಮಗೆ ಸುಟ್ಟರೆ ಕಾಲು ಹಿಂದಕ್ಕೆ ಬರುತ್ತದೆ, ಅವರದು ಬರುವುದಿಲ್ಲ. ಬಿಸಿನೀರಿನ ಚೀಲ ಕಾಲಿಗೆ ಇಡುವುದು, ಹಂಡೆಯ ನೀರನ್ನು ಪರೀಕ್ಷಿಸದೆ ಹುಯ್ಯುವುದು, ಬಿಸಿ ಕಾಫಿಯ ಲೋಟವನ್ನು ತೊಡೆಗಳ ನಡುವೆ ಇಟ್ಟುಕೊಂಡು ಗಾಲಿಕುರ್ಚಿ ತಳ್ಳಿಕೊಂಡು ಹೋಗುವುದು, ಇವೆಲ್ಲ ನಮ್ಮ ಕಡೆಯ ಮನೆಗಳಲ್ಲಿ ನಡೆಯುವ ಸಂಗತಿಗಳೇ. ಅಂಗಳಕ್ಕೆ ಹೋಗಿ ಬಂದ ಮೇಲೆ ಕಾಲ್ಬೆರಳ ಸಂದಿಯಲ್ಲಿ ಇಂಬಳ (ಜಿಗಣೆ) ಹತ್ತಿದೆಯೇ ಎಂದು ಬೇರೆಯವರು ನೋಡಬೇಕು, ಅವರಿಗೆ ತಿಳಿಯುವುದಿಲ್ಲ. ಕಚ್ಚಿದ ಗಾಯ ಬೂಟಿನೊಳಗೆ ಹಸಿಯಾಗಿ ಉಳಿದರೆ ಕೀವಾಗುತ್ತದೆ.

ಮೂತ್ರ ಮತ್ತು ಮಲದ ವಿಷಯ ಹೇಳಲು ಸಂಕೋಚಪಡಬಾರದು. ಆಸ್ಪತ್ರೆಯಲ್ಲಿ ಕಲಿಸಿದಂತೆ 4ರಿಂದ 6 ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯುವ ಕ್ರಮವನ್ನು ತಪ್ಪಿಸದಿದ್ದರೆ ನಡುವೆ ಸೋರುವುದು ಬಹುಪಾಲು ನಿಲ್ಲುತ್ತದೆ. ಮಲವಿಸರ್ಜನೆಗೆ ದಿನವೂ ಅಥವಾ ದಿನ ಬಿಟ್ಟು ದಿನ ಒಂದೇ ಹೊತ್ತನ್ನು ನಿಗದಿ ಮಾಡಿ. ಮೂತ್ರಕ್ಕಿಂತ ಮಲ ಚರ್ಮವನ್ನು ಬೇಗ ಕೆಡಿಸುತ್ತದೆ, ಆದ್ದರಿಂದ ‘ಬೆಳಗಾಗಲಿ, ಆಮೇಲೆ ತೊಳೆಯೋಣ’ ಎನ್ನುವಂತಿಲ್ಲ.

ಗಾಲಿಕುರ್ಚಿಯ ಗೆಳೆಯ, ಅರಸೀಕೆರೆ:

ಅಕ್ಕ ಹೇಳಿದ್ದಕ್ಕೆ ಒಂದು ಸೇರ್ಪಡೆ. ಪ್ಲಾಸ್ಟಿಕ್ ಕುರ್ಚಿಯ ನಡುವೆ ಗರಗಸದಿಂದ ರಂಧ್ರ ಕೊರೆದು ಶೌಚಕ್ಕೆ ಬಳಸುವುದು ಊರುಗಳಲ್ಲಿ ಸಾಮಾನ್ಯ. ಆ ಕೊಯ್ದ ಅಂಚು ಚಾಕುವಿಗೆ ಸಮ, ಅದರ ಮೇಲೆ ಮೆತ್ತೆಯೂ ಇಲ್ಲದೆ ಮುಕ್ಕಾಲು ಗಂಟೆ ಕುಳಿತರೆ ಹುಣ್ಣು ಖಂಡಿತ. ಅಂಚಿಗೆ ದಪ್ಪ ಫೋಮ್ ಕೊಟ್ಟು ರೆಕ್ಸಿನ್ ಹೊಲಿಸಿ, ಕೂರುವ ಹೊತ್ತನ್ನು ಕಡಿಮೆ ಮಾಡಿ.

ಮಲಗಿದಾಗ ಆಗುವ ಹುಣ್ಣಿನ ಭಯ ಎಲ್ಲರಿಗೂ ಇದೆ. ಆದರೆ ಆರೇಳು ತಿಂಗಳು ಕಳೆದು ಗಾಲಿಕುರ್ಚಿಯಲ್ಲಿ ಓಡಾಡಲು ಕಲಿತ ಮೇಲೆ ಆಗುವ ಹುಣ್ಣುಗಳು ಹೆಚ್ಚಾಗಿ ಕುಂಡಿಯ ಮೂಳೆಯ ಮೇಲೆಯೇ. ಆಗ ಮನೆಯವರ ಎಚ್ಚರ ಸಡಿಲವಾಗಿರುತ್ತದೆ, ನಾವೂ ಹುರುಪಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕುಳಿತೇ ಇರುತ್ತೇವೆ. ಕುಳಿತಿರುವಾಗ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಇಳಿಸಬೇಕು. ಎರಡು ಕೈಯೂರಿ ಮೈ ಎತ್ತುವುದನ್ನು ಮೊದಲು ಕಲಿಸುತ್ತಾರೆ, ಆದರೆ ರಕ್ತ ಪೂರ್ಣವಾಗಿ ಮರಳಲು ಬೇಕಾದ ಎರಡು ನಿಮಿಷ ಹಾಗೆ ಎತ್ತಿ ಹಿಡಿಯಲು ಯಾರಿಂದಲೂ ಆಗುವುದಿಲ್ಲ, ವರ್ಷಗಳು ಕಳೆದಂತೆ ಭುಜವೂ ಸವೆಯುತ್ತದೆ. ಬ್ರೇಕ್ ಹಾಕಿ, ಮುಂದಿನ ಸಣ್ಣ ಗಾಲಿಗಳು ಮುಂದಕ್ಕೆ ಮುಖ ಮಾಡಿರುವಂತೆ ಕುರ್ಚಿ ನಿಲ್ಲಿಸಿ, ಎದೆ ತೊಡೆಗೆ ತಾಗುವಷ್ಟು ಮುಂದಕ್ಕೆ ಬಾಗಿ ಎರಡು ನಿಮಿಷ ಇರುವುದು ಎಲ್ಲಕ್ಕಿಂತ ಸುಲಭ. ನಾನು ಮೇಜಿನ ಮೇಲೆ ಮೊಣಕೈಯೂರಿ ದಿನಪತ್ರಿಕೆ ಓದುವ ನೆಪದಲ್ಲಿ ಮಾಡುತ್ತೇನೆ, ನೋಡಿದವರಿಗೆ ತಿಳಿಯುವುದೂ ಇಲ್ಲ. ಬೆನ್ನಿಗೆ ರಾಡ್ ಇರುವ ನಿಮ್ಮ ಅಣ್ಣ ಹೀಗೆ ಬಾಗುವ ಮೊದಲು ವೈದ್ಯರನ್ನು ಕೇಳಿಕೊಳ್ಳಲಿ, ಅಲ್ಲಿಯವರೆಗೆ ಎಡಕ್ಕೂ ಬಲಕ್ಕೂ ವಾಲಿ ಒಂದೊಂದೇ ಕುಂಡಿಯನ್ನು ಎತ್ತಬಹುದು.

ಹಿಂಜೇಬಿರುವ ಜೀನ್ಸ್, ಜೇಬಿನಲ್ಲಿ ಬೀಗದ ಕೈ, ಕುಂಡಿಯ ಕೆಳಗೆ ಮುದ್ದೆಯಾದ ಪಂಚೆ, ತೊಡೆಯ ಕೆಳಗೆ ಸಿಕ್ಕಿಬಿದ್ದ ಮೂತ್ರದ ನಳಿಕೆ, ಈ ನಾಲ್ಕನ್ನೂ ಕುರ್ಚಿ ಏರಿದ ಕೂಡಲೇ ಕೈಯಾಡಿಸಿ ನೋಡುವುದು ಅಭ್ಯಾಸವಾಗಲಿ. ಬೂಟು ಮೊದಲಿಗಿಂತ ಒಂದು ಅಳತೆ ದೊಡ್ಡದಿರಲಿ, ಸಂಜೆಗೆ ಪಾದ ಊದಿಕೊಳ್ಳುತ್ತದೆ.

ಆಲ್ದೂರಿನ ತೋಟದ ರೈಟರ್:

ನಮ್ಮ ಲೈನ್ ಮನೆಯಲ್ಲಿ ಒಬ್ಬರು ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಬಿದ್ದು ಹೀಗೆಯೇ ಆಗಿದ್ದಾರೆ. ಅವರ ಮನೆಯಲ್ಲಿ ಮೊಟ್ಟೆ, ಬೇಳೆ, ಮೊಸರು ತಿಂದರೆ ಗಾಯ ಕೀವಾಗುತ್ತದೆ ಎಂದು ಬರಿಯ ಗಂಜಿ ಕೊಡುತ್ತಿದ್ದಾರೆ. ಮೂತ್ರ ಹೆಚ್ಚಾಗುತ್ತದೆ ಎಂದು ನೀರನ್ನೂ ಕಡಿಮೆ ಮಾಡಿದ್ದಾರೆ. ಏನು ಹೇಳಲಿ?

ನಿವೃತ್ತ ಸಿಸ್ಟರ್, ಹಾಸನ:

ಈ ಪಥ್ಯವನ್ನು ಕೂಡಲೇ ಬಿಡಿಸಿ. ಚರ್ಮ ಮತ್ತು ಮಾಂಸ ಕಟ್ಟುವುದೇ ಪ್ರೋಟೀನಿನಿಂದ. ಹುಣ್ಣಿನ ಅಪಾಯ ಇರುವವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಲೆಕ್ಕ, ಎಂದರೆ 60 ಕಿಲೋ ತೂಕದವರಿಗೆ 75ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ, 100 ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂಗಿಂತ ಹೆಚ್ಚಿದೆ. ಹುರುಳಿ ಕಟ್ಟಿನ ಸಾರಿನಲ್ಲಿ ಕಟ್ಟು ಮಾತ್ರ ಬಡಿಸಿ ಕಾಳನ್ನು ದನಕ್ಕೆ ಹಾಕುವ ಮನೆಗಳಿವೆ, ಕಾಳನ್ನೇ ತಿನ್ನಿಸಬೇಕು. ಮೊಳಕೆ ಕಾಳು, ಅವರೆ, ಮೀನು, ಮೊಸರು, ಕಡಲೆಬೀಜ, ಯಾವುದು ಕೈಗೆಟುಕುತ್ತದೆಯೋ ಅದು. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ಕೊಡಿ. ನೀರು ಕಡಿಮೆ ಮಾಡಿದರೆ ಮೂತ್ರದ ಸೋಂಕು, ಮಲಬದ್ಧತೆ ಎರಡೂ ಬರುತ್ತವೆ. ಬೀಡಿ ಸೇದುತ್ತಿದ್ದರೆ ನಿಲ್ಲಿಸಲಿ, ಮೊದಲೇ ಕಡಿಮೆ ರಕ್ತ ಹೋಗುವ ಚರ್ಮಕ್ಕೆ ಬೀಡಿ ಇನ್ನಷ್ಟು ಕಡಿಮೆ ಮಾಡುತ್ತದೆ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಮತ್ತು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿಗೆ ಅರ್ಜಿ ಹಾಕಲು ಅವರು ನೆರವಾಗುತ್ತಾರೆ. ಗಾಲಿಕುರ್ಚಿಗೆ ಅರ್ಜಿ ಹಾಕುವಾಗ ಮೆತ್ತೆಯನ್ನೂ ಸೇರಿಸಿ ಕೇಳಿ. ಕುರ್ಚಿ ಬರುತ್ತದೆ, ಮೆತ್ತೆಯ ನೆನಪು ಯಾರಿಗೂ ಇರುವುದಿಲ್ಲ.

ಮೂಡಿಗೆರೆ ಕಡೆಯವನು:

ಅಣ್ಣ ಮನೆಗೆ ಬಂದಿದ್ದಾರೆ. ಹಾಸಿಗೆ, ಕನ್ನಡಿ ಎಲ್ಲ ಸಿದ್ಧವಿತ್ತು. ಆದರೆ ವಾಹನದಲ್ಲಿ ಬಹಳ ಹೊತ್ತು ಕುಳಿತು ಬಂದದ್ದರಿಂದಲೋ ಏನೋ, ಸಂಜೆ ನೋಡಿದಾಗ ಬಲ ಕುಂಡಿಯ ಮೂಳೆಯ ಮೇಲೆ ಎರಡು ಬೆರಳಗಲದ ಕಪ್ಪು ಛಾಯೆ ಇದೆ, ಮುಟ್ಟಿದರೆ ಬಿಸಿ. ಚರ್ಮ ಹರಿದಿಲ್ಲ. ಒತ್ತಿದರೆ ಬಣ್ಣ ಕದಲುತ್ತಿಲ್ಲ. ಬೆಳಿಗ್ಗೆಯೂ ಹಾಗೆಯೇ ಇದೆ. ಏನಾದರೂ ಮುಲಾಮು ಹಚ್ಚಬೇಕೆ?

ನಿವೃತ್ತ ಸಿಸ್ಟರ್, ಹಾಸನ:

ಮುಲಾಮು ಬೇಡ, ಭಾರ ತೆಗೆಯಿರಿ. ಆ ಛಾಯೆ ಪೂರ್ಣವಾಗಿ ಹೋಗುವವರೆಗೆ ಕುಳಿತುಕೊಳ್ಳುವುದು ಬೇಡ, ಅಂಗಾತವೂ ಆದಷ್ಟು ಕಡಿಮೆ. ಎರಡೂ ಬದಿಗೆ 30 ಡಿಗ್ರಿ ಓರೆಯಾಗಿ, ಆ ಮೂಳೆಗೆ ಏನೂ ತಾಗುತ್ತಿಲ್ಲ ಎಂದು ಕೈಯಿಟ್ಟು ನೋಡಿ ಮಲಗಿಸಿ; ಬೋರಲಿಗೆ ಅನುಮತಿ ಇದ್ದರೆ ಅದೇ ಸರಿ. ಊಟಕ್ಕೂ ಏಳಿಸಬೇಡಿ ಎಂದರೆ ಅಮ್ಮನಿಗೆ ಕಷ್ಟವಾಗಬಹುದು, ಆದರೆ ಈಗ ಕೆಲವು ದಿನ ಮಲಗಿದರೆ ಮುಗಿಯುವುದನ್ನು ಬಿಟ್ಟರೆ ಮುಂದೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ. ನೇರಳೆ ಬಣ್ಣಕ್ಕೆ ತಿರುಗಿದರೆ, ಗುಳ್ಳೆಯೆದ್ದರೆ, ಚರ್ಮ ಹರಿದರೆ ಕಾಯದೆ ಹಾಸನ ಅಥವಾ ಚಿಕ್ಕಮಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ತೋರಿಸಿ. ದುರ್ವಾಸನೆ, ಜ್ವರ, ಚಳಿ ನಡುಕ ಬಂದರೆ ಅದೇ ದಿನ. ತೆರೆದ ಗಾಯವಾದರೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೊರೆ ಬರಿಸುವುದು, ಅರಿಶಿನ ತುಂಬುವುದು, ಸೊಪ್ಪಿನ ರಸ ಹಿಂಡುವುದು ಯಾವುದನ್ನೂ ಮಾಡಬೇಡಿ. ಸಲೈನಿನಲ್ಲಿ ತೊಳೆದು ಶುದ್ಧ ಬಟ್ಟೆ ಮುಚ್ಚಿ ಕರೆದೊಯ್ಯಿರಿ.

ಇದನ್ನು ಓದುತ್ತಿರುವವರಲ್ಲಿ ಟಿ-6 ಅಥವಾ ಅದಕ್ಕಿಂತ ಮೇಲೆ, ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರ ಮನೆಯವರಿದ್ದರೆ ಅವರಿಗೆ ಒಂದು ಮಾತು. ಇಂಥ ಹುಣ್ಣು, ತುಂಬಿದ ಮೂತ್ರಕೋಶ, ಕಟ್ಟಿಕೊಂಡ ಮಲ ಇವುಗಳಿಂದ ಅವರಿಗೆ ರಕ್ತದೊತ್ತಡ ಹಠಾತ್ತನೆ ಏರಿ, ತಲೆ ಸಿಡಿಯುವಂತೆ ನೋವು ಬಂದು, ಮುಖ ಬೆವರುತ್ತದೆ. ಕೂಡಲೇ ಎಬ್ಬಿಸಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಿಸಿ. ಇಳಿಯದಿದ್ದರೆ ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿ.

ಮೂಡಿಗೆರೆ ಕಡೆಯವನು:

ಛಾಯೆ ಹೋಗಿದೆ, ಬಿಸಿಯೂ ಇಲ್ಲ. ಶಸ್ತ್ರಚಿಕಿತ್ಸಕರು ಫೋನಿನಲ್ಲಿ ಬೋರಲು ಮಲಗಲು ಒಪ್ಪಿದ್ದಾರೆ. ಕನ್ನಡಿ ಹಿಡಿಯಲು ಅಣ್ಣ ಮೊದಲು ಒಪ್ಪಲಿಲ್ಲ. ಅರಸೀಕೆರೆಯವರು ಬರೆದದ್ದನ್ನು ಓದಿಸಿದ ಮೇಲೆ ಏನೂ ಹೇಳದೆ ಕೈಚಾಚಿದರು, ಈಗ ಅತ್ತಿಗೆ ದಿಂಬು ಸರಿ ಇಡದಿದ್ದರೆ ಅವರೇ ಗದರುತ್ತಾರೆ. ಇನ್ನೊಂದೇ ಪ್ರಶ್ನೆ. ಮತ್ತೆ ಕೂರಿಸುವುದು ಯಾವಾಗಿನಿಂದ, ಎಷ್ಟು ಹೊತ್ತು? ಅಮ್ಮನಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಕರೆದೊಯ್ಯುವ ಹರಕೆ ಇದೆ.

ಫಿಸಿಯೋಥೆರಪಿಸ್ಟ್, ಚಿಕ್ಕಮಗಳೂರು:

ಮೊದಲ ದಿನ ಮೆತ್ತೆಯ ಮೇಲೆ 15 ನಿಮಿಷ ಕೂರಿಸಿ, ಮಲಗಿಸಿ, ಕನ್ನಡಿಯಲ್ಲಿ ಅವರೇ ನೋಡಲಿ. ಅರ್ಧ ಗಂಟೆಯೊಳಗೆ ಚರ್ಮದ ಬಣ್ಣ ಮೊದಲಿನಂತಾದರೆ ಮರುದಿನ 30 ನಿಮಿಷ, ಹೀಗೆ ಏರಿಸುತ್ತ ಹೋಗಿ. ಬಣ್ಣ ಉಳಿದರೆ ಅದು ಪೂರ್ಣ ಹೋಗುವವರೆಗೆ ಕೂರಿಸದೆ, ಆಮೇಲೆ ಹೊತ್ತನ್ನು ಅರ್ಧಕ್ಕೆ ಇಳಿಸಿ. ಮೆತ್ತೆಗೆ ಕೇವಲ ಫೋಮ್ ಇದ್ದರೆ ಅದು ಕುಗ್ಗಿ ಗಟ್ಟಿಯಾಗುವುದನ್ನು ಗಮನಿಸಿ, ಹೆಬ್ಬೆರಳಿನಿಂದ ಒತ್ತಿದಾಗ ಮೇಲೇಳದಿದ್ದರೆ ಬದಲಿಸಿ.

ಧರ್ಮಸ್ಥಳ ಮಳೆ ಕಳೆದ ಮೇಲೆ ಇರಲಿ, ಅಷ್ಟರೊಳಗೆ ಎರಡು ಮೂರು ಗಂಟೆ ಕೂರುವುದನ್ನು ಚರ್ಮ ಕಲಿತಿರುತ್ತದೆ. ವಾಹನದ ಸೀಟಿನ ಮೇಲೆ ಗಾಲಿಕುರ್ಚಿಯ ಮೆತ್ತೆಯನ್ನೇ ಇಡಿ. ಗಾಳಿ ಮೆತ್ತೆಯಾದರೆ ಘಾಟಿ ಹತ್ತಿ ಇಳಿದಾಗ ಅದರ ಒತ್ತಡ ಬದಲಾಗುತ್ತದೆ, ಕೆಳಗೆ ತಲುಪಿ ಮತ್ತೊಮ್ಮೆ ಕೈಯಿಟ್ಟು ನೋಡಿ. ತಿರುವುಗಳಲ್ಲಿ ಮೈ ಅತ್ತಿತ್ತ ಜಾರದಂತೆ ಸೊಂಟದ ಎರಡೂ ಬದಿಗೆ ದಿಂಬು ಕೊಟ್ಟು ಸೀಟುಬೆಲ್ಟು ಹಾಕಿ. ಕೊಟ್ಟಿಗೆಹಾರದಲ್ಲಿ ಒಮ್ಮೆ, ಘಾಟಿ ಇಳಿದ ಮೇಲೆ ಒಮ್ಮೆ ವಾಹನ ನಿಲ್ಲಿಸಿ, ನೀವೆಲ್ಲ ನೀರುದೋಸೆ ತಿನ್ನುವಷ್ಟು ಹೊತ್ತು ಅವರನ್ನು ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಸಿ. ತಲುಪಿದ ರಾತ್ರಿ ವಸತಿಗೃಹದ ಹಾಸಿಗೆ ಹೇಗಿರುತ್ತದೆಯೋ ತಿಳಿಯದು, ಆದ್ದರಿಂದ ಬೋರಲು ಮಲಗುವ ದಿಂಬುಗಳನ್ನು ಮನೆಯಿಂದಲೇ ಒಯ್ಯಿರಿ.